ಲಂಡನ್ನಿನ ದೀಪದ ಬೀದಿಗಳು

ಡಿಸೆಂಬರ್ ತಿಂಗಳ ಒಂದು ಸಂಜೆ ಮಕ್ಕಳ ಕೈಹಿಡಿದು ರೀಜೆಂಟ್ ಸ್ಟ್ರೀಟಿಗೆ ಹೋಗಿ ಕ್ರಿಸ್‌ಮಸ್ ದೀಪಗಳನ್ನು ತೋರಿಸಿಕೊಂಡು ಬರುವುದು ಲಂಡನ್ನಿನ ಸಂಸಾರಸ್ಥರ ರೂಢಿ. ದಸರೆಯಲ್ಲಿ ಮಕ್ಕಳನ್ನು ಮೈಸೂರಿಗೆ ಕರೆದೊಯ್ದು ಅರಮನೆಯ ದೀಪ ತೋರಿಸುವುದಿಲ್ಲವೆ, ಹಾಗೆಯೇ ಇದೂ. ಊರಿನ ವಯಸ್ಸು ಎರಡು ಸಾವಿರ ವರ್ಷದ ಹತ್ತಿರ. ಹಬ್ಬವೂ ಬಹು ಹಳೆಯದು. ಆದುದರಿಂದ ಈ ದೀಪ ನೋಡುವ ಪದ್ಧತಿಯೂ ಅಷ್ಟೇ ಹಳೆಯದಿರಬೇಕೆಂದು ಹೊರಗಿನಿಂದ ಹೋದವರಿಗೆ ತೋರುತ್ತದೆ. ಅಲ್ಲಿಯವರಲ್ಲಿಯೂ ಬಹುಮಂದಿ ಹಾಗೆಯೇ ತಿಳಿದಿದ್ದಾರೆ. ಆದರೆ ಆ ಬೀದಿಯ ಮೇಲೆ ಕ್ರಿಸ್‌ಮಸ್ ದೀಪಗಳು ಮೊದಲು ಹತ್ತಿದ್ದು 1954ರಲ್ಲಿ. ನಮ್ಮ ಬೆಂಗಳೂರಿನಲ್ಲಿ ವಿಧಾನಸೌಧದ ಕಲ್ಲುಕೆಲಸ ನಡೆಯುತ್ತಿದ್ದ ಕಾಲವದು. ಸೌಧ ಪೂರ್ತಿಯಾದುದು 1956ರಲ್ಲಿ. ಅಂದಮೇಲೆ ಲಂಡನ್ನಿನ ಈ ‘ಪುರಾತನ’ ಸಂಪ್ರದಾಯ ನಮ್ಮ ವಿಧಾನಸೌಧಕ್ಕೆ ಎರಡು ವರ್ಷದ ಅಕ್ಕನೇ ಹೊರತು ಅಜ್ಜಿಯಲ್ಲ.

ಏಕೆ 1954? ವಿದ್ಯುತ್ತು ಆ ನಗರಕ್ಕೆ ಬಂದು ಎಪ್ಪತ್ತು ವರ್ಷ ಕಳೆದಿತ್ತು. ಹಣವಿದ್ದ ಅಂಗಡಿಗಳು ಆ ಬೀದಿಯಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ಇದ್ದುವು. ಮಕ್ಕಳಂತೂ ಎಲ್ಲ ಕಾಲದಲ್ಲಿಯೂ ಇದ್ದರು. ಹೀಗಿದ್ದೂ ಆ ವರ್ಷದವರೆಗೆ ಬೀದಿ ಕಾದದ್ದೇಕೆ? ಈ ಪ್ರಶ್ನೆಯನ್ನು ನನಗೆ ಹಾಕಿದವನು ಒಂಬತ್ತು ವರ್ಷದ ನನ್ನ ಮೊಮ್ಮಗ. 2023ರ ಡಿಸೆಂಬರಿನಲ್ಲಿ ನಾನು ಮಗಳ ಮನೆಗೆ ಹೋಗಿದ್ದೆ. ಅವಳ ಮನೆ ಲಂಡನ್ನಿನ ವಾಯವ್ಯಕ್ಕೆ, ಹ್ಯಾರೋ ಎಂಬ ಹೊರವಲಯದಲ್ಲಿ. ಮಗಳಿಗೂ ಅಳಿಯನಿಗೂ ಕೆಲಸದಿಂದ ಬಿಡುವಿಲ್ಲ. ದೀಪ ತೋರಿಸುವ ಭಾರ ಅಜ್ಜನ ಮೇಲೆ ಬಿತ್ತು. ಮೊಮ್ಮಗನನ್ನೂ ಅವನ ಆರು ವರ್ಷದ ತಂಗಿಯನ್ನೂ ಕರೆದುಕೊಂಡು ಮೆಟ್ರೊಪಾಲಿಟನ್ ಮಾರ್ಗದ ರೈಲು ಹತ್ತಿ, ಬೇಕರ್ ಸ್ಟ್ರೀಟಿನಲ್ಲಿ ಇಳಿದು ಬದಲಿಸಿ, ಆಕ್ಸ್‌ಫರ್ಡ್ ಸರ್ಕಸ್ಸಿನಲ್ಲಿ ನೆಲದಡಿಯಿಂದ ಮೇಲಕ್ಕೆ ಬಂದೆವು. ಕರೆದುಕೊಂಡು ಹೋದವನು ನಾನೆಂದರೂ ದಾರಿ ಗೊತ್ತಿದ್ದದ್ದು ಅವನಿಗೆ. ಸಾಯಂಕಾಲ ನಾಲ್ಕೂಕಾಲು ಗಂಟೆ. ಆಗಲೇ ಪೂರ್ತಿ ಕತ್ತಲೆ. ಲಂಡನ್ನಿನಲ್ಲಿ ಡಿಸೆಂಬರ್ ನಡುವಿನ ಸೂರ್ಯ ನಾಲ್ಕು ಗಂಟೆಗೆ ಮುಂಚೆಯೇ ಮುಳುಗಿಬಿಡುತ್ತಾನೆ. ದೀಪದ ಬೆಲೆ ಏನೆಂದು ತಿಳಿಯಬೇಕಾದರೆ ಈ ಒಂದು ಸಂಗತಿಯನ್ನು ಮರೆಯಬಾರದು. ನಮ್ಮ ನಾಡಿನಲ್ಲಿ ಮಕ್ಕಳು ಶಾಲೆಯಿಂದ ಬಂದು ತಿಂಡಿ ತಿಂದು ಆಟಕ್ಕೆ ಹೊರಡುವ ಹೊತ್ತಿಗೆ ಅಲ್ಲಿ ರಾತ್ರಿ.

ಮೆಟ್ಟಿಲೇರಿ ತಲೆಯೆತ್ತಿದರೆ ಬೀದಿಯ ಈ ಬದಿಯಿಂದ ಆ ಬದಿಗೆ ರೆಕ್ಕೆ ಚಾಚಿದ ದೇವದೂತರು. ಬಿಳಿಯ ಬೆಳಕಿನ ಆಕೃತಿಗಳು, ಒಂದರ ಹಿಂದೊಂದು. ಬೀದಿ ಬಾಗಿದ ಕಡೆಗೆ ಅವೂ ಬಾಗುತ್ತ ಹೋಗುತ್ತವೆ. ಜಾನ್ ನ್ಯಾಶ್ ಎಂಬ ವಾಸ್ತುಶಿಲ್ಪಿ 1820ರ ಸುಮಾರಿನಲ್ಲಿ ಈ ಬೀದಿಯನ್ನು ಹಾಕಿದಾಗ ಅದರ ಕೆಳತುದಿಯನ್ನು ಬಿಲ್ಲಿನಂತೆ ಬಗ್ಗಿಸಿದ. ಜಮೀನಿನ ಅನುಕೂಲಕ್ಕಾಗಿ ಮಾಡಿದ ಆ ಡೊಂಕು ಇನ್ನೂರು ವರ್ಷದ ಮೇಲೆ ದೀಪ ಕಟ್ಟುವವರಿಗೆ ಒದಗಿಬಂದಿದೆ: ಎಲ್ಲ ದೀಪವೂ ಒಮ್ಮೆಗೇ ಕಾಣುವುದಿಲ್ಲ. ತಿರುವಿನಲ್ಲಿ ಇನ್ನೂ ಏನೋ ಇದೆ ಎಂದು ಮಕ್ಕಳು ಮುಂದಕ್ಕೆ ಎಳೆಯುತ್ತವೆ.

“ಅಜ್ಜ, ಈ ಏಂಜೆಲ್‌ಗಳು ಬರೋ ಮೊದಲು ಇಲ್ಲಿ ಏನಿತ್ತು?” ಎಂದ ಹುಡುಗ.

“ಬೇರೆ ದೀಪಗಳು.”

“ಅದಕ್ಕೂ ಮೊದಲು?”

“ಕತ್ತಲೆ” ಎಂದೆ.

ಅಷ್ಟಕ್ಕೆ ಬಿಡುವ ಹುಡುಗ ಅವನಲ್ಲ. ಯಾವ ಕತ್ತಲೆ, ಎಷ್ಟು ಕತ್ತಲೆ, ಏಕೆ ಕತ್ತಲೆ ಎಂದು ಪೀಡಿಸಿದ. ಅವನಿಗೆ ಅಲ್ಲಲ್ಲಿ ನಿಂತು ತುಂಡುತುಂಡಾಗಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಕ್ರಮಪಡಿಸಿ ಹೇಳುತ್ತಿದ್ದೇನೆ.

ಕ್ರಿಸ್‌ಮಸ್ ದೀಪ ಇಂಗ್ಲೆಂಡಿನಲ್ಲಿ ಮೊದಲು ಬೀದಿಯ ದೀಪವಾಗಿರಲಿಲ್ಲ. ಅದು ಮನೆಯೊಳಗಿನ ದೀಪ, ಅದೂ ದೊಡ್ಡವರ ಮನೆಯದು. 1800ರ ಕ್ರಿಸ್‌ಮಸ್‌ನಲ್ಲಿ ಮೂರನೆಯ ಜಾರ್ಜನ ರಾಣಿ ಷಾರ್ಲಟ್ ವಿಂಡ್ಸರಿನ ತನ್ನ ನಿವಾಸದಲ್ಲಿ ಒಂದು ಮರವನ್ನು ತೊಟ್ಟಿಯಲ್ಲಿ ನಿಲ್ಲಿಸಿ, ಸಣ್ಣ ಮೇಣದ ಬತ್ತಿಗಳನ್ನು ಹಚ್ಚಿ, ಮಿಠಾಯಿ ಆಟಿಕೆಗಳನ್ನು ತೂಗಹಾಕಿ ಮಕ್ಕಳನ್ನು ಕರೆಸಿದಳು. ಆಕೆ ಜರ್ಮನಿಯ ಹೆಣ್ಣು. ಮರಕ್ಕೆ ದೀಪ ಕಟ್ಟುವುದು ಅವಳ ತವರಿನ ಸಂಪ್ರದಾಯ. ಮುಂದೆ ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟನೂ ಜರ್ಮನಿಯವನೇ. ರಾಣಿ, ಗಂಡ, ಮಕ್ಕಳು ದೀಪದ ಮರದ ಸುತ್ತ ನಿಂತ ಚಿತ್ರವೊಂದು 1848ರಲ್ಲಿ ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್ ಪತ್ರಿಕೆಯಲ್ಲಿ ಅಚ್ಚಾಯಿತು. ಅದನ್ನು ನೋಡಿ ಮಧ್ಯಮ ವರ್ಗದವರೂ ಮರ ತಂದು ನಿಲ್ಲಿಸತೊಡಗಿದರು. ಅರಮನೆಯಲ್ಲಿ ನಡೆದದ್ದು ನಮ್ಮ ಮನೆಯಲ್ಲಿಯೂ ನಡೆಯಲಿ ಎಂಬ ಆಸೆ ಎಲ್ಲ ದೇಶದಲ್ಲಿಯೂ ಒಂದೇ. ಒಣಗುತ್ತಿರುವ ಮರ, ಉರಿಯುವ ಮೇಣ, ಓಡಾಡುವ ಮಕ್ಕಳು: ಎಷ್ಟು ಅಪಾಯವೆಂದು ಹೇಳಬೇಕಿಲ್ಲ. ಪಕ್ಕದಲ್ಲಿ ಒಂದು ಬಕೆಟ್ ನೀರನ್ನಿಟ್ಟುಕೊಂಡೇ ಹಬ್ಬ ನಡೆಯಬೇಕಾಗಿತ್ತು.

ಆ ಅಪಾಯವನ್ನು ತಪ್ಪಿಸಿದುದು ವಿದ್ಯುತ್ತು. ಇಲ್ಲಿ ಒಂದು ಕಾಕತಾಳೀಯವನ್ನು ಹೇಳದಿರಲಾರೆ. 1882ರ ನವೆಂಬರ್ ತಿಂಗಳಿನಲ್ಲಿ ಲಂಡನ್ನಿನ ಸವಾಯ್ ನಾಟಕಶಾಲೆಯಲ್ಲಿ ಗಿಲ್ಬರ್ಟ್ ಮತ್ತು ಸಲಿವನ್ನರ ‘ಅಯೊಲಾಂತೆ’ ಎಂಬ ಸಂಗೀತ ನಾಟಕ ರಂಗಕ್ಕೆ ಬಂತು. ಅದರಲ್ಲಿ ಯಕ್ಷಿಣಿಯರ ಪಾತ್ರಗಳುಂಟು. ಮುಖ್ಯ ಯಕ್ಷಿಣಿಯರು ಜೋಸೆಫ್ ಸ್ವಾನನ ಕಂಪೆನಿ ಮಾಡಿಕೊಟ್ಟ ಪುಟ್ಟ ವಿದ್ಯುದ್ದೀಪಗಳನ್ನು ತೊಟ್ಟು ಬಂದರು. ಬ್ಯಾಟರಿಯನ್ನು ಉಡುಪಿನಲ್ಲಿ ಅಡಗಿಸಿಕೊಂಡಿದ್ದರು. ಒಂದು ತಿಂಗಳು ತುಂಬುವುದರೊಳಗೆ, ಅಟ್ಲಾಂಟಿಕ್ ಸಮುದ್ರದ ಆಚೆ ನ್ಯೂಯಾರ್ಕಿನಲ್ಲಿ, ಎಡಿಸನ್ನನ ಜೊತೆಗಾರ ಎಡ್ವರ್ಡ್ ಜಾನ್ಸನ್ ತನ್ನ ಮನೆಯ ಕ್ರಿಸ್‌ಮಸ್ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ವಿದ್ಯುದ್ದೀಪಗಳನ್ನು ಕಟ್ಟಿ, ಮರವನ್ನು ಗಿರಗಿರನೆ ತಿರುಗಿಸಿದ. ಒಂದೇ ಚಳಿಗಾಲದಲ್ಲಿ ಎರಡು ಮಹಾನಗರಗಳಲ್ಲಿ ಕಿರುಬಲ್ಬು ಹೀಗೆ ಹುಟ್ಟಿಕೊಂಡಿತು. ಒಂದು ಕಡೆ ಅಪ್ಸರೆಯರ ತಲೆಯ ಮೇಲೆ, ಇನ್ನೊಂದು ಕಡೆ ಮರದ ಕೊಂಬೆಯ ಮೇಲೆ. ಜಾನ್ಸನ್ನನ ಕಂಪೆನಿಗೆ ವಿದ್ಯುತ್ತು ಮಾರಬೇಕಾಗಿತ್ತೆಂಬುದನ್ನೂ ನೆನಪಿಡೋಣ. ಕ್ರಿಸ್‌ಮಸ್ ದೀಪದ ಜಾತಕದಲ್ಲಿ ವ್ಯಾಪಾರ ಹುಟ್ಟಿದಾಗಿನಿಂದಲೇ ಕುಳಿತಿದೆ.

ಮನೆಯೊಳಗಿನ ದೀಪವನ್ನು ಬೀದಿಯ ಮಕ್ಕಳಿಗೆ ತೋರಿಸಿದವರು ಅಂಗಡಿಯವರು. ಗಾರ್ಡನ್ ಸೆಲ್ಫ್‌ರಿಜ್ ಎಂಬ ಅಮೆರಿಕದವನು 1909ರಲ್ಲಿ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಅರಮನೆಯಂಥ ಅಂಗಡಿಯನ್ನು ತೆರೆದ. ನಮ್ಮ ಬೆಂಗಳೂರಿನ ಬೀದಿಗೆ ಶಿವನಸಮುದ್ರದ ವಿದ್ಯುತ್ತು ಬಂದು ಆಗ ನಾಲ್ಕು ವರ್ಷವಾಗಿತ್ತು. ಅಂಗಡಿ ಮುಚ್ಚಿದ ಮೇಲೂ ಗಾಜಿನ ಕಿಟಕಿಗಳ ದೀಪವನ್ನು ಆರಿಸಬೇಡಿರೆಂದು ಅವನ ಆಜ್ಞೆ. ಕೊಳ್ಳುವ ಶಕ್ತಿಯಿಲ್ಲದವರೂ ರಾತ್ರಿಯ ಹೊತ್ತು ಹೆಂಡತಿ ಮಕ್ಕಳೊಡನೆ ಬಂದು ಮೂಗನ್ನು ಗಾಜಿಗೆ ಒತ್ತಿ ನಿಂತು ನೋಡಿಹೋಗಬಹುದಾಗಿತ್ತು. ಉಳಿದ ಅಂಗಡಿಗಳೂ ಅದೇ ಹಾದಿ ಹಿಡಿದುವು. 1930ರ ದಶಕದ ಹೊತ್ತಿಗೆ ಲಂಡನ್ನಿನ ಮಕ್ಕಳಿಗೆ ಕ್ರಿಸ್‌ಮಸ್ ಎಂದರೆ ಕಿಟಕಿಗಳು.

ಆ ಕಿಟಕಿಗಳೆಲ್ಲ ಒಂದೇ ಸಂಜೆಗೆ ಕಪ್ಪಾದುವು. 1939ನೆಯ ಸೆಪ್ಟೆಂಬರ್ 1. ಯುದ್ಧ ಸಾರುವುದಕ್ಕೆ ಇನ್ನೂ ಎರಡು ದಿನವಿತ್ತು. ಆ ದಿನ ಸೂರ್ಯಾಸ್ತದಿಂದ ಬ್ಲ್ಯಾಕ್‌ಔಟ್ ಜಾರಿಗೆ ಬಂತು. ಬೀದಿದೀಪವಿಲ್ಲ. ಕಿಟಕಿಯ ಸಂದಿಯಿಂದ ಬೆಳಕಿನ ಎಳೆ ಹೊರಬಿದ್ದರೂ ಕಾವಲಿನವರು ಕೂಗುತ್ತಿದ್ದರು, ದಂಡ ಬೀಳುತ್ತಿತ್ತು. ಮೋಟಾರಿನ ದೀಪಕ್ಕೆ ಮುಸುಕು. ಕೈದೀಪದ ಗಾಜಿಗೆ ತೆಳುಕಾಗದ. ಪಾದಚಾರಿಗಳು ಎಡವದಿರಲೆಂದು ಕಾಲುದಾರಿಯ ಅಂಚಿಗೂ ಮರದ ಬುಡಕ್ಕೂ ಬಿಳಿಯ ಬಣ್ಣ ಬಳಿದರು. ಬಳಿದೂ ಏನಾಯಿತು? 1941ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 9,000ಕ್ಕೂ ಹೆಚ್ಚು ಜನ ಸತ್ತರು. ಆ ದೇಶದ ಚರಿತ್ರೆಯಲ್ಲಿ ಯಾವ ವರ್ಷವೂ ರಸ್ತೆಯ ಮೇಲೆ ಅಷ್ಟು ಜನ ಸತ್ತಿಲ್ಲ. ಮೋಟಾರುಗಳು ಹತ್ತಾರು ಪಟ್ಟು ಹೆಚ್ಚಿದ ಇತ್ತೀಚಿನ ಕಾಲದಲ್ಲಿಯೂ ಇಲ್ಲ. ಬಾಂಬಿಗೆ ಹೆದರಿ ದೀಪ ಆರಿಸಿದರೆ ಕತ್ತಲೆಯೇ ತನ್ನ ಕಂದಾಯ ವಸೂಲು ಮಾಡಿತು.

ಬ್ಲ್ಯಾಕ್‌ಔಟಿನ ವಿಷಯ ನಾನು ಪುಸ್ತಕದಿಂದ ಮಾತ್ರ ಬಲ್ಲವನಲ್ಲ. 1971ರ ಡಿಸೆಂಬರಿನಲ್ಲಿ ಪಾಕಿಸ್ತಾನದೊಡನೆ ಯುದ್ಧವಾದಾಗ ನನಗೆ ಎಂಟು ವರ್ಷ. ತಂದೆಯವರು ಉಡುಪಿಯ ಕಡೆಯಿಂದ ಮುಂಬಯಿಗೆ ಹೋಗಿ ನೌಕರಿಯಲ್ಲಿದ್ದರು. ನಮ್ಮ ಮನೆ ಮಾಟುಂಗದಲ್ಲಿ, ಕಿಂಗ್ಸ್ ಸರ್ಕಲ್ಲಿನ ಹತ್ತಿರ ಎರಡನೆಯ ಮಹಡಿಯಲ್ಲಿತ್ತು. ಅಪ್ಪ ಅಂಟು ಕಲಸಿ ಕಿಟಕಿಯ ಗಾಜಿಗೆಲ್ಲ ಕಂದುಕಾಗದ ಮೆತ್ತಿದರು. ಟ್ಯಾಕ್ಸಿಗಳ ದೀಪದ ಮೇಲರ್ಧಕ್ಕೆ ಕಪ್ಪು ಬಣ್ಣ. ಸೈರನ್ ಕೂಗಿದೊಡನೆ ಅಮ್ಮ ಒಲೆಯನ್ನೂ ಆರಿಸಿ ನಮ್ಮಿಬ್ಬರನ್ನು ಗೋಡೆಯ ಮೂಲೆಗೆ ಎಳೆದುಕೊಂಡು ಕುಳಿತುಕೊಳ್ಳುವಳು. ಕೆಳಗೆ ಬೀದಿಯಲ್ಲಿ ಯಾರೋ “ಬತ್ತಿ ಬಂದ್ ಕರೋ” ಎಂದು ಅರಚುತ್ತ ಹೋಗುವರು. ಆ ಯುದ್ಧ ಹದಿನಾಲ್ಕು ದಿನದಲ್ಲಿ ಮುಗಿಯಿತು. ಡಿಸೆಂಬರ್ 17ಕ್ಕೆ ಕದನವಿರಾಮ. ಅದಾದ ಮೇಲೆ, ಕ್ರಿಸ್‌ಮಸ್‌ಗೆ ಮುಂಚಿನ ಒಂದು ಸಂಜೆ, ಅಪ್ಪ ನಮ್ಮಿಬ್ಬರನ್ನು ಮಾಟುಂಗ ರೋಡಿನಿಂದ ರೈಲು ಹತ್ತಿಸಿ ಬಾಂದ್ರಾಕ್ಕೆ ಕರೆದುಕೊಂಡು ಹೋದರು. ಅಲ್ಲಿಯ ಗಲ್ಲಿಗಳಲ್ಲಿ ಕ್ರಿಸ್ತರ ಮನೆಗಳ ಮುಂದೆ ಕಾಗದದ ನಕ್ಷತ್ರಗಳು, ಒಳಗೊಂದು ಬಲ್ಬು. ಅಷ್ಟೇ. ಅಪ್ಪ ಸಂಪ್ರದಾಯಸ್ಥರು, ಬಾಂದ್ರಾದಲ್ಲಿ ನೀರು ಕೂಡ ಕುಡಿಯುತ್ತಿರಲಿಲ್ಲ. ಆದರೂ ಒಂದೊಂದು ನಕ್ಷತ್ರದ ಮುಂದೆಯೂ ನಮ್ಮನ್ನು ನಿಲ್ಲಿಸಿ, “ನೋಡಿ, ಮಕ್ಕಳೆ, ನೋಡಿ” ಎನ್ನುತ್ತಿದ್ದರು. ಹಬ್ಬ ಯಾರದೆಂದು ಆ ದಿನ ಅವರು ನೋಡಲಿಲ್ಲ. ಯುದ್ಧದ ನಕ್ಷೆಯಾಗಲಿ, ಸೇನಾಪತಿಗಳ ಹೆಸರಾಗಲಿ ಆಗ ನನಗೆ ತಿಳಿದದ್ದು ಇಲ್ಲ. ಆ ನಕ್ಷತ್ರಗಳ ಬಣ್ಣ ಮಾತ್ರ ಇಂದಿಗೂ ಹೇಳಬಲ್ಲೆ.

ನಾನು ಎರಡು ವಾರ ಕಂಡ ಕತ್ತಲೆಯನ್ನು ಲಂಡನ್ನಿನ ಮಕ್ಕಳು ಐದು ವರ್ಷಕ್ಕೂ ಮೇಲ್ಪಟ್ಟು ಅನುಭವಿಸಿದರು. ಅನೇಕ ಮಕ್ಕಳು ಊರಿನಲ್ಲಿಯೇ ಇರಲಿಲ್ಲ. 1939ರ ಸೆಪ್ಟೆಂಬರಿನ ಮೊದಲ ಮೂರು ದಿನಗಳಲ್ಲಿ ಬ್ರಿಟನ್ನಿನ ನಗರಗಳಿಂದ ಸುಮಾರು 15 ಲಕ್ಷ ಜನರನ್ನು ಹಳ್ಳಿಗಾಡಿಗೆ ಸಾಗಿಸಿದರು; ಅವರಲ್ಲಿ 8 ಲಕ್ಷಕ್ಕೂ ಹೆಚ್ಚು ಶಾಲೆಯ ಮಕ್ಕಳು. ಕೊರಳಿಗೆ ಹೆಸರಿನ ಚೀಟಿ, ಹೆಗಲಿಗೆ ವಿಷಗಾಳಿಯ ಮುಖವಾಡದ ಪೆಟ್ಟಿಗೆ. ಬಾಂಬು ಬೀಳದೆ ತಿಂಗಳುಗಳು ಕಳೆದಾಗ, ಹಬ್ಬಕ್ಕೆ ಮಕ್ಕಳಿಲ್ಲದ ಮನೆಯೇನು ಮನೆ ಎಂದು ತಾಯಂದಿರು ಎಷ್ಟೋ ಮಕ್ಕಳನ್ನು ವಾಪಸು ಕರೆತಂದರು. ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ಬಾಂಬುಗಳು ಬಂದುವು. 1940ರ ಕ್ರಿಸ್‌ಮಸ್ ರಾತ್ರಿಯನ್ನು ಲಂಡನ್ನಿನ ಸಾವಿರಾರು ಮಕ್ಕಳು ಕಳೆದದ್ದು ನೆಲದಡಿಯ ರೈಲು ನಿಲ್ದಾಣಗಳ ಕಟ್ಟೆಯ ಮೇಲೆ. ಅಲ್ಲಿಯೇ ಕಾಗದದ ಸರ, ಸಣ್ಣ ಮರ, ಹಾಡು. ಮೇಲೆ ಬೀದಿಯಲ್ಲಿ ದೀಪವೂ ಇಲ್ಲ, ಚರ್ಚಿನ ಗಂಟೆಯೂ ಇಲ್ಲ. ಶತ್ರು ಇಳಿದಾಗ ಮಾತ್ರ ಗಂಟೆ ಬಾರಿಸಬೇಕೆಂದು ಕಟ್ಟಳೆಯಾಗಿತ್ತು. ಹಬ್ಬದ ಎರಡು ಮೂರು ದಿನ ವಿಮಾನಗಳು ಬಿಡುವು ಕೊಟ್ಟುವು. ಡಿಸೆಂಬರ್ 29ರ ರಾತ್ರಿ ಬಂದು ಹಳೆಯ ನಗರಕ್ಕೆ ಬೆಂಕಿಯಿಟ್ಟುವು. ಆ ಚಳಿಗಾಲದಲ್ಲಿ ಲಂಡನ್ ಬೀದಿಯಲ್ಲಿ ಕಂಡ ದೀಪಾಲಂಕಾರವೆಂದರೆ ಅದೇ. ರಾತ್ರಿಯ ಹೊತ್ತೂ ಬೆಳಗುತ್ತಿದ್ದ ಸೆಲ್ಫ್‌ರಿಜ್ ಅಂಗಡಿಯ ಗಾಜಿನ ಕಿಟಕಿಗಳಿಗೆ ಯುದ್ಧಕಾಲದಲ್ಲಿ ಇಟ್ಟಿಗೆ ಕಟ್ಟಿ ಮುಚ್ಚಿದರು.

ಯುದ್ಧ ಮುಗಿದೊಡನೆ ದೀಪ ಹತ್ತಿತೆಂದು ನಾವು ಭಾವಿಸುತ್ತೇವೆ. ಚರಿತ್ರೆ ಹಾಗೆ ಪರದೆ ಎಳೆದಂತೆ ನಡೆಯುವುದಿಲ್ಲ. 1945ರ ವಸಂತದಲ್ಲಿ ಬ್ಲ್ಯಾಕ್‌ಔಟ್ ಹೋಯಿತು, ಕಲ್ಲಿದ್ದಲಿನ ಅಭಾವ ಬಂತು. 1947ರ ಆರಂಭದ ಚಳಿ ಆ ಶತಮಾನದ ಘೋರ ಚಳಿಗಳಲ್ಲೊಂದು. ಫೆಬ್ರವರಿಯಲ್ಲಿ ಮನೆಗಳಿಗೆ ದಿನಕ್ಕೆ ಐದು ಗಂಟೆ ವಿದ್ಯುತ್ತು ಕಡಿದರು. ಗೆದ್ದ ರಾಜಧಾನಿಯಲ್ಲಿ ಜನ ಮೇಣದ ಬತ್ತಿಯ ಬೆಳಕಿನಲ್ಲಿ ಕಚೇರಿಯ ಕೆಲಸ ಮಾಡಿದರು. ಅಂಗಡಿಯ ಹೊರಗೆ ಅಲಂಕಾರದ ದೀಪ ಹಾಕಬಾರದೆಂಬ ನಿರ್ಬಂಧ ತೆಗೆದುದು 1949ರ ಏಪ್ರಿಲ್‌ನಲ್ಲಿ. ಪಿಕ್ಕಡಿಲಿ ಸರ್ಕಸ್ಸಿನ ಜಾಹೀರಾತು ದೀಪಗಳು ಹತ್ತು ವರ್ಷದ ಮೇಲೆ ಮೊದಲ ಬಾರಿ ಹತ್ತಿದ ಆ ರಾತ್ರಿ ಬೀದಿಯೆಲ್ಲ ಜನಸಾಗರ. ಲೆಕ್ಕ ಹಾಕಿ ನೋಡಿ: 1939ರಲ್ಲಿ ಹುಟ್ಟಿದ ಮಗು ತನ್ನ ಊರಿನ ಬೀದಿಯನ್ನು ಬೆಳಕಿನಲ್ಲಿ ಕಂಡದ್ದು ಹತ್ತನೆಯ ವಯಸ್ಸಿಗೆ. ಆ ಮಗುವಿಗೆ ಮಿಠಾಯಿ ಕೂಡ ಚೀಟಿಯ ಮೇಲೆ ಅಳೆದು ಕೊಟ್ಟದ್ದೇ. ಮಿಠಾಯಿಯ ಪಡಿತರ ಹೋದದ್ದು 1953ರ ಫೆಬ್ರವರಿಯಲ್ಲಿ. ಮಾಂಸದ್ದು, ಅಂದರೆ ಕಡೆಯ ಪಡಿತರ, ಹೋದದ್ದು 1954ರ ಜುಲೈ 4ರಂದು.

ಇದರ ನಡುವೆ ಇನ್ನೊಂದು ಕತ್ತಲೆ. 1952ರ ಡಿಸೆಂಬರ್ 5ರಿಂದ 9ರವರೆಗೆ ಕಲ್ಲಿದ್ದಲಿನ ಹೊಗೆಯೂ ಮಂಜೂ ಬೆರೆತು ನಗರದ ಮೇಲೆ ಕಂಬಳಿಯಂತೆ ಕವಿಯಿತು. ಹಾಡುಹಗಲಿನಲ್ಲಿ ಎದುರಿನವರ ಮುಖ ಕಾಣದು. ಬಸ್ಸಿನ ಮುಂದೆ ಕಂಡಕ್ಟರ್ ದೀಪ ಹಿಡಿದು ನಡೆಯುತ್ತ ದಾರಿ ತೋರಿಸಬೇಕಾಯಿತು. ಸತ್ತವರು ನಾಲ್ಕು ಸಾವಿರವೆಂದು ಆಗ ಲೆಕ್ಕಹಾಕಿದರು; ಅನಂತರದ ಸಂಶೋಧಕರು ಹನ್ನೆರಡು ಸಾವಿರದವರೆಗೂ ಹೇಳುತ್ತಾರೆ. ಅದು ಕ್ರಿಸ್‌ಮಸ್ ಪೇಟೆಯ ಕಾಲ ಎಂಬುದನ್ನು ಗಮನಿಸಬೇಕು.

ಈಗ 1954 ಏಕೆಂಬುದು ತಾನಾಗಿಯೇ ತಿಳಿಯುತ್ತದೆ. ಯುದ್ಧ, ಚಳಿ, ಪಡಿತರ, ಹೊಗೆ: ಹದಿನೈದು ವರ್ಷದ ಮಂಕು ಕಳೆದ ಮೊದಲನೆಯ ಕ್ರಿಸ್‌ಮಸ್ ಅದು. ಹಬ್ಬದ ಕಾಲದಲ್ಲಿಯೂ ಲಂಡನ್ ಕಳೆಗುಂದಿದೆ ಎಂದು ಪತ್ರಿಕೆಯಲ್ಲಿ ಬಂದ ಟೀಕೆಯೇ ರೀಜೆಂಟ್ ಸ್ಟ್ರೀಟಿನ ವರ್ತಕರನ್ನು ಎಚ್ಚರಿಸಿತೆಂದು ಹೇಳುವುದುಂಟು. ಅವರ ಸಂಘ ತನ್ನ ಖರ್ಚಿನಿಂದ ಬೀದಿಗೆ ದೀಪ ಕಟ್ಟಿತು. ದೊರೆ ಕಟ್ಟಲಿಲ್ಲ, ಚರ್ಚು ಕಟ್ಟಲಿಲ್ಲ, ಸರ್ಕಾರವೂ ಕಟ್ಟಲಿಲ್ಲ. ಐದು ವರ್ಷದ ಮೇಲೆ, 1959ರಲ್ಲಿ, ಪಕ್ಕದ ಆಕ್ಸ್‌ಫರ್ಡ್ ಸ್ಟ್ರೀಟಿನವರು ನಾವೇನು ಕಡಿಮೆ ಎಂದು ತಾವೂ ಕಟ್ಟಿದರು. ಆ ಮೊದಲ ಸಂಜೆಗಳಲ್ಲಿ ಮಕ್ಕಳ ಕೈಹಿಡಿದು ಬಂದ ತಂದೆ ತಾಯಿಗಳು ಯಾರೆಂದು ಯೋಚಿಸಿ. ಕಾವಲುಗಾರನ ಕೂಗಿಗೆ ಬೆದರಿ ಕಿಟಕಿ ಮುಚ್ಚಿದವರು. ಸುರಂಗದ ಕಟ್ಟೆಯ ಮೇಲೆ ಮಲಗಿದವರು. ಮಕ್ಕಳ ಕೊರಳಿಗೆ ಚೀಟಿ ಕಟ್ಟಿ ರೈಲು ಹತ್ತಿಸಿದವರು. ಅವರು ತೋರಿಸಿದ್ದು ಬರಿಯ ಬಲ್ಬುಗಳನ್ನಲ್ಲ. ಬಾಂದ್ರಾದ ಗಲ್ಲಿಯಲ್ಲಿ “ನೋಡಿ, ನೋಡಿ” ಎಂದ ನನ್ನ ಅಪ್ಪನ ದನಿ ಹೇಗಿತ್ತೋ ಅವರದೂ ಹಾಗೆಯೇ ಇದ್ದಿರಬೇಕೆಂದು ನನ್ನ ಊಹೆ.

ಇದು ವ್ಯಾಪಾರದ ಬಲೆ, ಹಬ್ಬವನ್ನು ಸಂತೆಗೆ ತಂದು ನಿಲ್ಲಿಸಿದ್ದಾರೆ ಎನ್ನುವವರು ಅಲ್ಲಿಯೂ ಉಂಟು. ಸುಳ್ಳೆನ್ನಲಾರೆ. ದೇವದೂತರ ರೆಕ್ಕೆಯ ಕೆಳಗೇ ಹ್ಯಾಮ್‌ಲೀಸ್ ಎಂಬ ಮಹಾ ಆಟಿಕೆಯ ಅಂಗಡಿಯಿದೆ. 1760ರಲ್ಲಿ ಹುಟ್ಟಿದ ಸಂಸ್ಥೆ; ಯುದ್ಧದಲ್ಲಿ ಅದರ ರೀಜೆಂಟ್ ಸ್ಟ್ರೀಟಿನ ಕಟ್ಟಡಕ್ಕೆ ಐದು ಸಲ ಬಾಂಬು ಬಿದ್ದರೂ ಅದು ಮುಚ್ಚಿಹೋಗಲಿಲ್ಲ. 2019ರಲ್ಲಿ ಅದನ್ನು ಕೊಂಡದ್ದು ನಮ್ಮ ಮುಂಬಯಿಯ ರಿಲಯನ್ಸ್ ಸಮೂಹ. ಲಂಡನ್ನಿಗೆ ಹೋಗಿ, ಪೌಂಡು ಕೊಟ್ಟು, ಮುಂಬಯಿಯ ಮಾಲೀಕರಿಗೆ ಲಾಭ ಮಾಡಿಕೊಟ್ಟೆನೆಂಬ ತೃಪ್ತಿ ನನ್ನದಾಯಿತು. ಮೊಮ್ಮಗಳು ಆರಿಸಿದ ಕರಡಿಯ ಬೆಲೆಯನ್ನು ರೂಪಾಯಿಗೆ ಪರಿವರ್ತಿಸಿ ನೋಡಬೇಡವೆಂದು ಮಗಳು ಮುಂಚೆಯೇ ಎಚ್ಚರಿಸಿದ್ದಳು, ನೋಡಿದೆ, ಆ ಮಾತು ಇಲ್ಲಿ ಬೇಡ.

ಆದರೆ ಒಂದನ್ನು ಹೇಳಬೇಕು. ವರ್ತಕರು ಕಟ್ಟಿದ ದೀಪ ವರ್ತಕರ ಕೈಯಲ್ಲಿಯೂ ಉಳಿಯಲಿಲ್ಲ. ಕಾಲ ಕೆಟ್ಟಾಗ ಅದು ಊರಿನ ಆರೋಗ್ಯದ ನಾಡಿಯಾಯಿತು. 1973ರ ನವೆಂಬರಿನಲ್ಲಿ ಎಣ್ಣೆ, ಕಲ್ಲಿದ್ದಲುಗಳ ಬಿಕ್ಕಟ್ಟು ಬಂದಾಗ ಸರ್ಕಾರ ತುರ್ತುಸ್ಥಿತಿ ಸಾರಿ, ಜಾಹೀರಾತಿಗೂ ಅಲಂಕಾರಕ್ಕೂ ವಿದ್ಯುತ್ತು ಉರಿಸಬಾರದೆಂದು ನಿಷೇಧಿಸಿತು. 1976, 1977ರಲ್ಲಿ ಆಕ್ಸ್‌ಫರ್ಡ್ ಸ್ಟ್ರೀಟಿನ ವರ್ತಕರಿಗೆ ದೀಪ ಕಟ್ಟುವ ಚೈತನ್ಯವೇ ಇರಲಿಲ್ಲ. ಆ ಎರಡು ಕ್ರಿಸ್‌ಮಸ್‌ಗಳಲ್ಲಿ ಬೀದಿ ಬರಿದಾಗಿತ್ತು. 2022ರಲ್ಲಿ ಉಕ್ರೇನಿನ ಯುದ್ಧದಿಂದ ವಿದ್ಯುತ್ತಿನ ಬೆಲೆ ಏರಿದಾಗ ಎರಡು ಬೀದಿಗಳಲ್ಲಿಯೂ ದೀಪದ ಹೊತ್ತನ್ನು ಕಡಿಮೆ ಮಾಡಿ, ಮಧ್ಯಾಹ್ನ ಮೂರರಿಂದ ರಾತ್ರಿ ಹನ್ನೊಂದರವರೆಗೆಂದು ಗೊತ್ತುಮಾಡಿದರು. ಈಗಿನ ಬಲ್ಬುಗಳು ಹಳೆಯವುಗಳ ಒಂದಂಶ ವಿದ್ಯುತ್ತನ್ನು ಮಾತ್ರ ಕುಡಿಯುತ್ತವೆ. 2016ರಲ್ಲಿ ಬಂದ ಈ ದೇವದೂತರ ಮೈಯಲ್ಲಿ ಅಂಥವು ಲಕ್ಷಗಟ್ಟಲೆ. ಆದರೂ ಊರಿಗೆ ಕಷ್ಟ ಬಂತೆಂಬುದನ್ನು ಮೊದಲು ತೋರಿಸುವುದು ಅವೇ.

ರೀಜೆಂಟ್ ಸ್ಟ್ರೀಟಿನ ತಿರುವು ದಾಟಿ, ಪಿಕ್ಕಡಿಲಿಯ ಜನಜಂಗುಳಿಯನ್ನು ಸೀಳಿಕೊಂಡು, ನಾವು ಟ್ರಫಾಲ್ಗರ್ ಚೌಕಕ್ಕೆ ನಡೆದೆವು. ಅಲ್ಲಿರುವುದು ಒಂದೇ ಮರ. 1940ರ ಜೂನ್‌ನಲ್ಲಿ ಜರ್ಮನರು ನಾರ್ವೆಯನ್ನು ನುಂಗಿದಾಗ ಅಲ್ಲಿಯ ದೊರೆ ಹಾಕನ್ ಮತ್ತು ಅವನ ಸರ್ಕಾರ ಲಂಡನ್ನಿನಲ್ಲಿ ಆಶ್ರಯ ಪಡೆದು ಐದು ವರ್ಷ ಇದ್ದರು. ಆ ಉಪಕಾರಕ್ಕೆಂದು ಆಸ್ಲೋ ನಗರದವರು 1947ರಿಂದ ಪ್ರತಿವರ್ಷ ಒಂದು ಸ್ಪ್ರೂಸ್ ಮರವನ್ನು ಕಳುಹಿಸುತ್ತಾರೆ. ನಮ್ಮ ಸ್ವಾತಂತ್ರ್ಯ ಎಷ್ಟು ಹಳೆಯದೋ ಆ ಕೃತಜ್ಞತೆಯೂ ಅಷ್ಟೇ ಹಳೆಯದು. ಎಪ್ಪತ್ತಡಿ ಎತ್ತರ, ಐವತ್ತು ಅರುವತ್ತು ವರ್ಷ ಕಾಡಿನಲ್ಲಿ ಬೆಳೆದದ್ದು. ಡಿಸೆಂಬರಿನ ಮೊದಲ ಗುರುವಾರ ದೀಪ ಹಚ್ಚುತ್ತಾರೆ. ನಾರ್ವೆಯ ಪದ್ಧತಿಯಂತೆ ಬಿಳಿಯ ದೀಪದ ಸರಗಳು ತುದಿಯಿಂದ ಬುಡಕ್ಕೆ ನೇರವಾಗಿ ಇಳಿಬಿದ್ದಿರುತ್ತವೆ. ಬಣ್ಣವಿಲ್ಲ, ಮಿನುಗುವುದಿಲ್ಲ, ತಿರುಗುವುದಿಲ್ಲ. ಈ ಸಲದ ಮರ ಬಡಕಲು, ಕೊಂಬೆಗಳು ಜೋಲುಬಿದ್ದಿವೆ ಎಂದು ಹಾಸ್ಯ ಮಾಡುವುದು ಲಂಡನ್ನಿನವರ ಈಚಿನ ವಾರ್ಷಿಕ ವಿನೋದ. ನನ್ನ ಮೊಮ್ಮಗಳೂ ದೇವದೂತರನ್ನು ಕಂಡ ಕಣ್ಣಿನಿಂದ ಅದನ್ನು ನೋಡಿ, “ಇಷ್ಟೇನಾ ಅಜ್ಜ?” ಎಂದಳು. ಹುಡುಗ ಮಾತ್ರ ಬುಡದಲ್ಲಿದ್ದ ಫಲಕವನ್ನು ಓದಿ, 1940ರಿಂದ 45 ಎಂಬ ಅಂಕಿಗಳ ಮೇಲೆ ಬೆರಳಿಟ್ಟು, “ಕತ್ತಲೆ ಇದ್ದಿದ್ದು ಆಗಲಾ?” ಎಂದ. ಹೌದೆಂದೆ. ಆಮೇಲೆ ಮರದ ಕಡೆಗೆ ಮತ್ತೊಮ್ಮೆ ನೋಡಿದ, ಏನೂ ಹೇಳಲಿಲ್ಲ.

ಲಂಡನ್ನಿನಲ್ಲಿ ಈಗ ದೀಪ ನೋಡುವುದಕ್ಕೆ ಬೇರೆ ಜಾಗಗಳೂ ಹುಟ್ಟಿವೆ. ಕ್ಯೂ ಎಂಬಲ್ಲಿಯ ಪ್ರಸಿದ್ಧ ಸಸ್ಯೋದ್ಯಾನದಲ್ಲಿ 2013ರಿಂದ ಮರಗಳ ನಡುವೆ ದೀಪದ ಹಾದಿಯನ್ನು ಮಾಡುತ್ತಿದ್ದಾರೆ. ಕಂಡವರು ಅದರ ಸೊಬಗನ್ನು ಬಾಯ್ತುಂಬ ಹೊಗಳುತ್ತಾರೆ. ಅಂಗಡಿಯ ಗದ್ದಲವಿಲ್ಲ, ಮಾರುವವರ ಕಾಟವಿಲ್ಲ. ಆದರೆ ಟಿಕೆಟ್ಟುಂಟು, ಅದು ಅಗ್ಗವಲ್ಲ. ವಿಚಿತ್ರ ನೋಡಿ: ಲಾಭಕ್ಕೆಂದು ವರ್ತಕರು ಹಚ್ಚಿದ ದೀಪವನ್ನು ಬಡವನ ಮಗು ಬಿಟ್ಟಿಯಾಗಿ ನೋಡಬಹುದು, ವ್ಯಾಪಾರದ ಸೋಂಕಿಲ್ಲದ ತೋಟದ ದೀಪಕ್ಕೆ ಬಾಗಿಲಲ್ಲಿ ಹಣ ಕಟ್ಟಬೇಕು. ನನ್ನನ್ನು ಕೇಳಿದರೆ ಬಲೆಯೇ ವಾಸಿ ಎನ್ನುತ್ತೇನೆ. ಹದಿನೈದು ವರ್ಷ ಕತ್ತಲೆಯಲ್ಲಿ ಎಲ್ಲರ ಮಕ್ಕಳೂ ಇದ್ದರು, ಟಿಕೆಟ್ ಕೊಂಡವರ ಮಕ್ಕಳು ಮಾತ್ರವಲ್ಲ.

ಮುಂದಿನ ಡಿಸೆಂಬರಿನಲ್ಲಿ ಮಕ್ಕಳ ಮನೆಗೆಂದು ಆ ಕಡೆ ಹೋಗುವ ನಮ್ಮವರಿಗೆ ಒಂದು ಮಾತು. ಜನವರಿ ಮೊದಲ ವಾರಕ್ಕೆ ಟ್ರಫಾಲ್ಗರಿನ ಮರವನ್ನು ಇಳಿಸಿ, ಚೂರುಮಾಡಿ, ಗಿಡದ ಬುಡಕ್ಕೆ ಹಾಕುವ ಗೊಬ್ಬರವಾಗಿಸಿಬಿಡುತ್ತಾರೆ, ಅದರೊಳಗೆ ಹೋಗಬೇಕು. ವಾರದ ಕೊನೆಯ ದಿನಗಳ ನೂಕುನುಗ್ಗಲು ಚಿಕ್ಕ ಮಕ್ಕಳಿಗೆ ಆಗದು, ವಾರದ ನಡುವೆ ಹೊರಡುವುದು ಲೇಸು. ನಡೆಯಲಾರದವರು ರೀಜೆಂಟ್ ಸ್ಟ್ರೀಟಿನಲ್ಲಿ ಹಾಯುವ ಯಾವುದಾದರೂ ಎರಡಂತಸ್ತಿನ ಬಸ್ಸನ್ನು ಹತ್ತಿ, ಮೇಲಂತಸ್ತಿನ ಮುಂದಿನ ಸೀಟನ್ನು ಹಿಡಿಯಬೇಕು. ದೇವದೂತರು ಕಣ್ಣಿನ ಮಟ್ಟಕ್ಕೆ ಬರುತ್ತಾರೆ. ಬಸ್ಸು ಆಮೆಯಂತೆ ಹೋಗುತ್ತದೆ, ಯಾರೂ ಗೊಣಗುವುದಿಲ್ಲ. ಹನ್ನೊಂದು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಟಿಕೆಟ್ಟಿಲ್ಲ.